ಎರಡು ವರ್ಷದ ಕಡ್ಡಿ, ಹತ್ತು ವರ್ಷದ ಬೇರು

ರಾಸ್‌ಬೆರಿಯ ಬೇರು ಹತ್ತು ಹನ್ನೆರಡು ವರ್ಷ ಚೆನ್ನಾಗಿ ಬಾಳುತ್ತದೆ. ಆ ಬೇರಿನಿಂದ ಮೇಲೆದ್ದ ಕಡ್ಡಿಯ ಆಯುಸ್ಸು ಮಾತ್ರ ಎರಡೇ ವರ್ಷ. ಮೊದಲ ವರ್ಷ ಅದು ಆಳೆತ್ತರಕ್ಕೆ ಬೆಳೆದು, ಚಳಿಗಾಲದಲ್ಲಿ ಎಲೆ ಉದುರಿಸಿ ಬರಿದಾಗಿ ನಿಲ್ಲುತ್ತದೆ. ಎರಡನೇ ವರ್ಷ ಹೂವಾಗಿ, ಹಣ್ಣಾಗಿ, ಒಣಗಿ ಹೋಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲೇ ಮುಂದಿನ ವರ್ಷದ ಕಡ್ಡಿಗಳು ಎದ್ದಿರುತ್ತವೆ. ಬಾಳೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಗೊನೆ ಕೊಟ್ಟ ಬಾಳೆ ಮತ್ತೆ ಗೊನೆ ಹಾಕುವುದಿಲ್ಲ. ಅದನ್ನು ಕಡಿದು ಬುಡದ ಕಂದನ್ನು ಉಳಿಸಿಕೊಳ್ಳುತ್ತೇವೆ. ಬಾಳೆಯಲ್ಲಾದರೆ ಯಾವುದು ತಾಯಿ, ಯಾವುದು ಕಂದು ಎಂದು ದೂರದಿಂದಲೇ ಗೊತ್ತಾಗುತ್ತದೆ. ರಾಸ್‌ಬೆರಿ ಸಾಲಿನಲ್ಲಿ ಹಣ್ಣು ಕೊಟ್ಟು ಮುಗಿಸಿದ ಕಡ್ಡಿಯೂ ಇನ್ನು ಕೊಡಬೇಕಾದ ಕಡ್ಡಿಯೂ ಒಂದರೊಳಗೊಂದು ಹೆಣೆದುಕೊಂಡು ನಿಂತಿರುತ್ತವೆ. ಸಾಲು ಹಸಿರಾಗಿ ಸೊಂಪಾಗಿ ಇದ್ದೂ ಒಂದೇ ಒಂದು ಹಣ್ಣು ಬಿಡಲಿಲ್ಲ ಎಂಬ ದೂರು ಬಂದಾಗ ಮಣ್ಣು, ಗೊಬ್ಬರ, ರೋಗಗಳನ್ನು ವಿಚಾರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕಳೆದ ಚಳಿಗಾಲದಲ್ಲಿ ಯಾವ ಕಡ್ಡಿಗಳನ್ನು ಕತ್ತರಿಸಿದಿರಿ?

ಈ ಅಧ್ಯಾಯದಲ್ಲಿ ಹೇಳುತ್ತಿರುವುದು ಬ್ರಿಟನ್ನಿನ ಅಲಾಟ್‌ಮೆಂಟ್‌ಗಳಲ್ಲಿ ಬೆಳೆಯುವ ರಾಸ್‌ಬೆರಿಯ ಕಥೆ. ಅಲಾಟ್‌ಮೆಂಟ್ ಎಂದರೆ ಊರಿನ ಸ್ಥಳೀಯ ಆಡಳಿತ ವಾರ್ಷಿಕ ಬಾಡಿಗೆಗೆ ಕೊಡುವ ತೋಟದ ತುಂಡು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆ 1908ರ ಸಣ್ಣ ಹಿಡುವಳಿ ಮತ್ತು ಅಲಾಟ್‌ಮೆಂಟ್ ಕಾಯ್ದೆ ಬುನಾದಿ. ಆರು ಜನ ಮತದಾರರು ಸೇರಿ ನೆಲ ಬೇಕೆಂದು ಅರ್ಜಿ ಕೊಟ್ಟರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಪೂರ್ತಿ ತುಂಡಿನ ವಾಡಿಕೆಯ ಅಳತೆ ಹತ್ತು ರಾಡ್, ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಅದು ಸರಿಯಾಗಿ ಎರಡೂವರೆ ಗುಂಟೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ ಚೌಕ, ಒಂದು ಗುಂಟೆ ಎಂದರೆ ಮೂವತ್ತಮೂರು ಅಡಿ ಚೌಕ. ನಾಲ್ಕು ರಾಡ್ ಸೇರಿದರೆ ಒಂದು ಗುಂಟೆ. ಊರಲ್ಲಿ ಪಹಣಿ ಓದಿ ಬೆಳೆದು ಈಗ ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ಅಷ್ಟು ನೆಲದ ಹರವು ಕಣ್ಣಿಗೆ ಕಟ್ಟುತ್ತದೆ. ಆದರೆ ಅದು ಬೇಗ ಸಿಗುವುದಿಲ್ಲ. ಎಷ್ಟೋ ಊರುಗಳಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು. ಹಾಗೆ ಸಿಕ್ಕ ನೆಲದಲ್ಲಿ ಹತ್ತು ವರ್ಷ ಕದಲದ ಬೆಳೆಯನ್ನು ಹಾಕುವಾಗ ಜಾಗ ಆರಿಸಲು ಒಂದಿಷ್ಟು ದಿನ ಯೋಚಿಸಿದರೂ ನಷ್ಟವಿಲ್ಲ.

ರಾಸ್‌ಬೆರಿ ಗುಲಾಬಿಯ ಕುಟುಂಬಕ್ಕೆ ಸೇರಿದ್ದು. ಯುರೋಪಿನ ತಂಪು ಕಾಡುಗಳ ಅಂಚಿನಲ್ಲಿ, ಅರೆನೆರಳಿನಲ್ಲಿ, ಎಲೆ ಕೊಳೆತು ಕಪ್ಪಾದ ಮಣ್ಣಿನಲ್ಲಿ ತಾನಾಗಿ ಬೆಳೆಯುವ ಗಿಡ. ಅದರ ಇಷ್ಟಾನಿಷ್ಟಗಳೆಲ್ಲ ಈ ಹುಟ್ಟಿನಿಂದಲೇ ಬಂದಿವೆ. ಮಣ್ಣು ತುಸು ಹುಳಿಯಾಗಿರಬೇಕು. ಪಿಎಚ್ ಆರರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಸುಣ್ಣದ ಅಂಶ ಹೆಚ್ಚಿದ್ದರೆ ಬೇರಿಗೆ ಕಬ್ಬಿಣ ದಕ್ಕದೆ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಅದಕ್ಕೇ ಅಣಬೆ ಬೆಳೆದು ಉಳಿದ ಕಾಂಪೋಸ್ಟನ್ನು ಈ ಸಾಲಿಗೆ ಹಾಕಬಾರದು, ಅದರಲ್ಲಿ ಸುಣ್ಣವಿರುತ್ತದೆ. ತೇವ ಬೇಕು, ನಿಂತ ನೀರು ಬೇಡವೇ ಬೇಡ. ನೀರು ನಿಂತ ಜೇಡಿಮಣ್ಣಿನಲ್ಲಿ ಫೈಟಾಫ್ತೊರ ಎಂಬ ಬೇರುಕೊಳೆ ರೋಗ ಬಂದರೆ ಅದಕ್ಕೆ ಮದ್ದಿಲ್ಲ. ಸ್ಕಾಟ್ಲೆಂಡಿನ ವೃತ್ತಿಪರ ಬೆಳೆಗಾರರೇ ಈ ರೋಗದಿಂದ ಸೋತು ಹೊಲದ ಮಣ್ಣನ್ನು ಬಿಟ್ಟಿದ್ದಾರೆ. ಈಗ ಬ್ರಿಟನ್ನಿನ ಅಂಗಡಿಗಳಿಗೆ ಬರುವ ರಾಸ್‌ಬೆರಿಯ ಬಹುಪಾಲು ಪ್ಲಾಸ್ಟಿಕ್ ಸುರಂಗಗಳ ಕೆಳಗೆ ಬೆಳೆದದ್ದು, ಅದರಲ್ಲೂ ಬಹಳಷ್ಟು ಕುಂಡಗಳಲ್ಲಿ. ಆ ಕುಂಡಗಳಲ್ಲಿ ತುಂಬಿರುವ ತೆಂಗಿನ ನಾರಿನ ಪುಡಿ ಭಾರತದಿಂದಲೂ ಶ್ರೀಲಂಕಾದಿಂದಲೂ ಹಡಗೇರಿ ಹೋಗುತ್ತದೆ. ಅಲಾಟ್‌ಮೆಂಟಿನವರು ಅಷ್ಟು ದೂರ ಹೋಗಬೇಕಿಲ್ಲ. ತಗ್ಗು ಜಾಗವಾದರೆ ಒಂದು ಅಡಿ ಎತ್ತರದ ಏರಿ ಮಾಡಿ, ಅದರ ಮೇಲೆ ನೆಟ್ಟರೆ ಸಾಕು.

ನೆಡುವ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ, ಗಿಡ ಮಲಗಿರುವಾಗ. ನರ್ಸರಿಯವರು ಮಣ್ಣಿಲ್ಲದ ಬರಿಬೇರಿನ ಕಡ್ಡಿಗಳನ್ನು ಐದರ, ಹತ್ತರ ಕಟ್ಟುಗಳಲ್ಲಿ ಕಳಿಸುತ್ತಾರೆ. ನೋಡಲು ಒಣ ಸೌದೆಯ ಹಾಗಿರುತ್ತವೆ, ಗಾಬರಿಯಾಗಬೇಕಿಲ್ಲ. ಆದರೆ ಬೇರು ಒಣಗಲು ಬಿಡಬಾರದು, ನೆಡುವ ಮೊದಲು ಒಂದು ಗಂಟೆ ಬಕೆಟ್ಟಿನ ನೀರಿನಲ್ಲಿಟ್ಟರೆ ಒಳ್ಳೆಯದು. ಸಾಲಿನುದ್ದಕ್ಕೂ ಅಗೆದು, ಬೇರೂರಿ ಹರಡುವ ಕಳೆಯನ್ನು ಒಂದೂ ಬಿಡದೆ ಕಿತ್ತು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಗಿಡದಿಂದ ಗಿಡಕ್ಕೆ ಸುಮಾರು 45 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 1.8 ಮೀಟರ್ ಅಂತರ ಇರಲಿ. ಹತ್ತು ಕಡ್ಡಿಗೆ ನಾಲ್ಕೂವರೆ ಮೀಟರಿನ ಒಂದು ಸಾಲು ಬೇಕಾಗುತ್ತದೆ. ಬೇರನ್ನು ಅಗಲಕ್ಕೆ ಹರಡಿ, ಮೇಲಿನ ಬೇರಿನ ಮೇಲೆ ಐದಾರು ಸೆಂಟಿಮೀಟರ್ ಮಣ್ಣು ಬರುವಂತೆ ಮುಚ್ಚಬೇಕು. ಹೊಸಬರು ಇಲ್ಲಿ ಅತಿ ಕಾಳಜಿಯಿಂದ ಆಳಕ್ಕೆ ಇಳಿಸುತ್ತಾರೆ. ಆಳಕ್ಕೆ ಹೂತ ಬೇರಿನಿಂದ ಮೊಳಕೆ ಮೇಲೆ ಬರಲಾರದೆ ಸಾಯುತ್ತದೆ. ನೆಟ್ಟ ಕೂಡಲೇ ಕಡ್ಡಿಯನ್ನು ನೆಲದಿಂದ 25-30 ಸೆಂಟಿಮೀಟರ್ ಎತ್ತರಕ್ಕೆ, ಒಂದು ಮೊಗ್ಗಿನ ಮೇಲ್ಭಾಗದಲ್ಲಿ ಕತ್ತರಿಸಬೇಕು. ದುಡ್ಡು ಕೊಟ್ಟು ತಂದದ್ದನ್ನು ಹೀಗೆ ಮೊಟಕುಗೊಳಿಸಲು ಮನಸ್ಸು ಬರುವುದಿಲ್ಲ, ಆದರೂ ಮಾಡಬೇಕು. ಮೊದಲ ವರ್ಷ ಗಿಡ ತನ್ನ ಶಕ್ತಿಯನ್ನೆಲ್ಲ ಬೇರಿಗೆ ಹಾಕಲಿ.

ಈಗ ತಳಿಯ ವಿಷಯ. ಇಲ್ಲಿ ಎರಡು ಬಣಗಳಿವೆ, ಇಡೀ ಬೇಸಾಯ ಈ ಭೇದದ ಮೇಲೆ ನಿಂತಿದೆ. ಬೇಸಿಗೆ ತಳಿಗಳು ಎರಡನೇ ವರ್ಷದ ಕಡ್ಡಿಯಲ್ಲಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹಣ್ಣು ಬಿಡುತ್ತವೆ. ಶರತ್ಕಾಲದ ತಳಿಗಳು ಅದೇ ವರ್ಷ ಎದ್ದ ಕಡ್ಡಿಯ ತುದಿಯಲ್ಲೇ ಆಗಸ್ಟಿನಿಂದ ಮೊದಲ ಹಿಮ ಬೀಳುವವರೆಗೆ ಹಣ್ಣು ಕೊಡುತ್ತವೆ. ಬೇಸಿಗೆ ತಳಿಗಳಲ್ಲಿ ಹೆಸರಾದವು ಸ್ಕಾಟ್ಲೆಂಡಿನ ಡಂಡೀ ಬಳಿಯ ಇನ್ವರ್‌ಗೌರಿಯ ಸಂಶೋಧನಾ ಕೇಂದ್ರದಿಂದ ಬಂದ ಗ್ಲೆನ್ ಸರಣಿಯವು. ಅಲ್ಲಿನ ಕಣಿವೆಗಳ ಹೆಸರುಗಳನ್ನೇ ಅವಕ್ಕೆ ಇಟ್ಟಿದ್ದಾರೆ. ಗ್ಲೆನ್ ಮಾಯ್, ಗ್ಲೆನ್ ಪ್ರೋಸನ್ ತಳಿಗಳ ಕಡ್ಡಿಯಲ್ಲಿ ಮುಳ್ಳೇ ಇಲ್ಲ. ಗ್ಲೆನ್ ಆಂಪಲ್ ಇಂದಿಗೂ ಅಲಾಟ್‌ಮೆಂಟ್‌ಗಳ ಅಚ್ಚುಮೆಚ್ಚು. ಆ ಕೇಂದ್ರದ ಇಂದಿನ ಹೆಸರು ಜೇಮ್ಸ್ ಹಟ್ಟನ್ ಸಂಸ್ಥೆ. ಅಲ್ಲಿಂದ ಅನತಿದೂರದ ಸ್ಟ್ರಾತ್‌ಮೋರ್ ಬಯಲು ಮತ್ತು ಬ್ಲೇರ್‌ಗೌರಿ ಪಟ್ಟಣ ಇಪ್ಪತ್ತನೇ ಶತಮಾನದುದ್ದಕ್ಕೂ ರಾಸ್‌ಬೆರಿಗೆ ಹೆಸರುವಾಸಿ. ಹಣ್ಣು ಬಿಡಿಸುವ ತಿಂಗಳಲ್ಲಿ ಡಂಡೀ, ಗ್ಲಾಸ್ಗೋಗಳಿಂದ ಕೂಲಿಯವರು, ಅಲೆಮಾರಿ ಕುಟುಂಬಗಳು ಡೇರೆ ಸಮೇತ ಬಂದಿಳಿಯುತ್ತಿದ್ದರು. ಜಾನಪದ ಸಂಗ್ರಾಹಕ ಹ್ಯಾಮಿಶ್ ಹೆಂಡರ್ಸನ್ 1950ರ ದಶಕದಲ್ಲಿ ಆ ಹೊಲಗಳ ನಡುವೆಯೇ ಕುಳಿತು ಅಲೆಮಾರಿಗಳ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಹಣ್ಣಿನ ಜೊತೆ ಹಾಡನ್ನೂ ಕಾಪಾಡಿದ ಬಯಲು ಅದು.

ಶರತ್ಕಾಲದ ತಳಿಗಳಲ್ಲಿ ದೊಡ್ಡ ತಿರುವು ಕೊಟ್ಟದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಈಸ್ಟ್ ಮಾಲಿಂಗ್ ಕೇಂದ್ರದಿಂದ 1980ರ ದಶಕದಲ್ಲಿ ಹೊರಬಂದ ಆಟಮ್ ಬ್ಲಿಸ್. ಹಳದಿ ಹಣ್ಣಿನ ಆಲ್ ಗೋಲ್ಡ್, ಪೋಲೆಂಡಿನ ಪೋಲ್ಕಾ, ಮುಳ್ಳಿಲ್ಲದ ಜೋನ್ ಜೆ ಕೂಡ ಒಳ್ಳೆಯವೇ. ಮೊದಲ ಸಲ ರಾಸ್‌ಬೆರಿ ಹಾಕುವವರಿಗೆ, ಅದರಲ್ಲೂ ವಾರಾಂತ್ಯ ಮಾತ್ರ ತೋಟಕ್ಕೆ ಬರಲಾಗುವವರಿಗೆ, ನಾನು ಹೇಳುವುದು ಆಟಮ್ ಬ್ಲಿಸ್ ಒಂದನ್ನೇ. ಅದಕ್ಕೆ ಕಂಬ ತಂತಿಗಳ ಗೋಜು ಕಡಿಮೆ, ಹಕ್ಕಿಗಳ ಕಾಟವೂ ಅಷ್ಟಿಲ್ಲ, ಮುಂದೆ ಹೇಳಲಿರುವ ಹುಳುವಿನಿಂದಲೂ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕತ್ತರಿಸುವಾಗ ತಪ್ಪಾಗಲು ಆಸ್ಪದವೇ ಇಲ್ಲ: ಫೆಬ್ರವರಿಯಲ್ಲಿ ಎಲ್ಲ ಕಡ್ಡಿಗಳನ್ನೂ ನೆಲಮಟ್ಟಕ್ಕೆ ಕತ್ತರಿಸಿಬಿಡುವುದು, ಅಷ್ಟೇ. ಹೊಸದಾಗಿ ಎದ್ದದ್ದರಲ್ಲಿ ಹಣ್ಣು.

ಬೇಸಿಗೆ ತಳಿಗೆ ಆಸರೆ ಬೇಕೇ ಬೇಕು. ಸಾಲಿನ ಎರಡೂ ತುದಿಗೆ ಎಂಟು ಅಡಿ ಕಂಬ, ಅದರಲ್ಲಿ ಎರಡು ಅಡಿಗೂ ಹೆಚ್ಚು ನೆಲದೊಳಗೆ. ನಡುವೆ ಸುಮಾರು 75, 105, 165 ಸೆಂಟಿಮೀಟರ್ ಎತ್ತರದಲ್ಲಿ ಮೂರು ತಂತಿ. ಸಾಲು ಉತ್ತರ ದಕ್ಷಿಣವಾಗಿದ್ದರೆ ಎರಡೂ ಬದಿಗೆ ಬಿಸಿಲು ಸಿಗುತ್ತದೆ, ಪಕ್ಕದ ಬೆಳೆಗೂ ದಿನವಿಡೀ ನೆರಳು ಬೀಳುವುದಿಲ್ಲ. ಕೊಯ್ಲು ಮುಗಿದ ಕೂಡಲೇ ಹಣ್ಣು ಕೊಟ್ಟ ಕಡ್ಡಿಗಳನ್ನು ನೆಲಮಟ್ಟಕ್ಕೆ ಕತ್ತರಿಸಬೇಕು. ಗುರುತು ಕಷ್ಟವಲ್ಲ. ಹಳೆಯದರ ತೊಗಟೆ ಬೂದು ಕಂದಾಗಿ ಸಿಪ್ಪೆ ಏಳುತ್ತಿರುತ್ತದೆ, ಹಣ್ಣು ಕಿತ್ತ ಒಣ ತೊಟ್ಟುಗಳು ಅದರ ಪಕ್ಕೆಗೊಂಬೆಗಳಲ್ಲಿ ಉಳಿದಿರುತ್ತವೆ. ಹೊಸದು ಹಸಿರಾಗಿ, ಕೊಂಬೆಯಿಲ್ಲದೆ ನೇರವಾಗಿ ನಿಂತಿರುತ್ತದೆ. ಡಿಸೆಂಬರಿನವರೆಗೆ ಬಿಟ್ಟರೆ ಎರಡೂ ಒಂದೇ ಬಣ್ಣಕ್ಕೆ ತಿರುಗಿ ಗೊಂದಲವಾಗುತ್ತದೆ, ಆದ್ದರಿಂದ ಆಗಸ್ಟಿನಲ್ಲೇ ಮುಗಿಸುವುದು ಲೇಸು. ಉಳಿದ ಹೊಸ ಕಡ್ಡಿಗಳಲ್ಲಿ ಬುಡಕ್ಕೆ ಆರೆಂಟು ಗಟ್ಟಿಯಾದವನ್ನು ಇಟ್ಟುಕೊಂಡು, ಹತ್ತು ಸೆಂಟಿಮೀಟರಿಗೊಂದರಂತೆ ತಂತಿಗೆ ಕಟ್ಟಬೇಕು. ಮಿಕ್ಕದ್ದನ್ನು ತೆಗೆಯಲೇಬೇಕು. ದಟ್ಟವಾದ ಸಾಲಿನಲ್ಲಿ ಗಾಳಿಯಾಡದೆ ಬೂಷ್ಟು ಬರುತ್ತದೆ, ಹಣ್ಣೂ ಸಣ್ಣದಾಗುತ್ತದೆ.

ಸಾಲಿನಿಂದ ದೂರ ದೂರ ಏಳುವ ಕಂದುಗಳದ್ದು ಬೇರೆಯೇ ಸಮಸ್ಯೆ. ಬೇರು ನೆಲದಡಿಯಲ್ಲಿ ಹರಿದು ಕಾಲುದಾರಿ ದಾಟಿ ಪಕ್ಕದವರ ಆಲೂಗಡ್ಡೆ ಮಡಿಯಲ್ಲಿ ಮೂತಿ ತೋರಿಸುತ್ತದೆ. ಸ್ವಂತ ಹಿತ್ತಲಾದರೆ ಉದಾಸೀನ ಮಾಡಬಹುದಿತ್ತು. ಅಲಾಟ್‌ಮೆಂಟಿನಲ್ಲಿ ಅದು ನೆರೆಹೊರೆಯ ಮರ್ಯಾದೆಯ ಪ್ರಶ್ನೆ. ಗಡಿಯಿಂದ ಒಂದೂವರೆ ಮೀಟರಾದರೂ ಒಳಗೆ ನೆಟ್ಟು, ಬೇಸಿಗೆಯಲ್ಲಿ ಕಂಡ ಕಂಡ ಕಂದನ್ನು ಎಳೆಯದಾಗಿರುವಾಗಲೇ ಕಿತ್ತುಹಾಕಬೇಕು.

ಹುಳುವಿನ ಮಾತಿಗೆ ಬರೋಣ. ರಾಸ್‌ಬೆರಿ ಜೀರುಂಡೆ ಮಣ್ಣಿನಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಮೇಲೆದ್ದು ಹೂವಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಹಣ್ಣಿನ ತೊಟ್ಟಿನ ಬದಿಯನ್ನು ತಿನ್ನುವುದರಿಂದ ಅಲ್ಲಿ ಒಣಗಿದ ಕಂದು ಕಲೆ ಕಾಣುತ್ತದೆ, ಹಣ್ಣು ಬಿಡಿಸಿದರೆ ಒಳಗೆ ಹುಳು. ಶರತ್ಕಾಲದ ತಳಿ ಹೂ ಬಿಡುವ ಹೊತ್ತಿಗೆ ಜೀರುಂಡೆಯ ಕಾಲ ಬಹುತೇಕ ಮುಗಿದಿರುತ್ತದೆ. ಚಳಿಗಾಲದಲ್ಲಿ ಬುಡದ ಮಣ್ಣನ್ನು ಮೆಲ್ಲಗೆ ಕೆದಕಿ ಬಿಟ್ಟರೆ ಹಕ್ಕಿಗಳು ಕೋಶಗಳನ್ನು ಹೆಕ್ಕಿ ತಿನ್ನುತ್ತವೆ. ಮೆಲ್ಲಗೆ ಎಂದದ್ದಕ್ಕೆ ಕಾರಣವಿದೆ: ಬೇರು ಮೇಲ್ಪದರದಲ್ಲೇ ಇರುತ್ತದೆ, ಗುದ್ದಲಿ ಹಾಕಬಾರದು. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದ ಚುಕ್ಕೆ ರೆಕ್ಕೆಯ ಹಣ್ಣುನೊಣ ಹೊಸ ತಲೆನೋವು, ಅದು ತಡವಾದ ಹಣ್ಣನ್ನೇ ಹುಡುಕುತ್ತದೆ. ಮಾಗಿದ್ದನ್ನು ದಿನ ಬಿಟ್ಟು ದಿನ ಬಿಡಿಸುವುದು, ಕೊಳೆತದ್ದನ್ನು ಗಿಡದಲ್ಲಿ ಬಿಡದಿರುವುದು ಮುಖ್ಯ. ಇನ್ನು ವೈರಸ್ಸುಗಳನ್ನು ಗಿಡಹೇನು ಹರಡುತ್ತದೆ. ಎಲೆ ಮಚ್ಚೆಮಚ್ಚೆಯಾಗಿ, ಹಣ್ಣು ಕೈಗೆ ಬಂದೊಡನೆ ಪುಡಿಪುಡಿಯಾಗುತ್ತ ಹೋದರೆ ಅನುಮಾನ ಪಡಬೇಕು. ಪಕ್ಕದವರು ಪ್ರೀತಿಯಿಂದ ಅಗೆದು ಕೊಟ್ಟ ಕಂದುಗಳನ್ನು ನೆಡಬೇಡಿ ಎಂದು ಪುಸ್ತಕಗಳು ಹೇಳುವುದು ಇದಕ್ಕಾಗಿ. ಸ್ನೇಹವನ್ನು ಸ್ವೀಕರಿಸಿ, ಗಿಡವನ್ನು ಮಾತ್ರ ಪ್ರಮಾಣಿತ ನರ್ಸರಿಯಿಂದ ತನ್ನಿ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವ ಹಣ್ಣಿನ ರಚನೆ ನೋಡುವಂಥದ್ದು. ನಾವು ಒಂದು ಹಣ್ಣು ಎನ್ನುವುದು ಹತ್ತಾರು ಪುಟ್ಟ ರಸಗುಳ್ಳೆಗಳ ಗುಂಪು, ಒಂದೊಂದರಲ್ಲೂ ಒಂದು ಬೀಜ. ಹೂವಿನ ಪ್ರತಿ ಅಂಡಕೋಶಕ್ಕೂ ಪರಾಗ ಮುಟ್ಟಿದರೆ ಮಾತ್ರ ಗುಂಪು ತುಂಬುತ್ತದೆ. ಬಿಳಿಯ ಸಣ್ಣ ಹೂವು ಕಣ್ಣಿಗೆ ದೊಡ್ಡದಲ್ಲ, ಆದರೆ ಜೇನು ಅದರಲ್ಲಿ ಧಾರಾಳ. ಮೋಡ ಕವಿದ ಚಳಿಯ ದಿನಗಳಲ್ಲೂ ರೋಮಶ ದುಂಬಿಗಳು ಸಾಲಿಗೆ ಬರುತ್ತವೆ. ಮಾಗಿದ ಹಣ್ಣನ್ನು ಎಳೆದರೆ ಬಿಳಿಯ ತಿರುಳು ಗಿಡದಲ್ಲೇ ಉಳಿದು ಹಣ್ಣು ಟೊಳ್ಳು ಬಟ್ಟಲಂತೆ ಕೈಗೆ ಬರುತ್ತದೆ. ಬ್ಲಾಕ್‌ಬೆರಿಯಲ್ಲಿ ಆ ತಿರುಳು ಹಣ್ಣಿನ ಜೊತೆಗೇ ಬರುವುದರಿಂದ ಎರಡನ್ನೂ ಬೇರೆ ಮಾಡಿ ಗುರುತಿಸಬಹುದು. ಟೊಳ್ಳಾದ್ದರಿಂದಲೇ ಇದು ಬೇಗ ನಜ್ಜುಗುಜ್ಜಾಗುತ್ತದೆ, ಅಂಗಡಿಯಲ್ಲಿ ದುಬಾರಿಯಾಗುತ್ತದೆ. ಒಣ ಹವೆಯಲ್ಲಿ ಬಿಡಿಸಿ, ತೊಳೆಯದೆ, ಅಂದೇ ತಿಂದರೆ ಅದರ ಪರಿಮಳ ಪೂರ್ತಿ ಸಿಗುತ್ತದೆ. ಮಿಕ್ಕದ್ದನ್ನು ತಟ್ಟೆಯಲ್ಲಿ ಒಂದೊಂದಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿಮಾಡಿ ಡಬ್ಬಿಗೆ ತುಂಬಬಹುದು.

ಕರ್ನಾಟಕದಲ್ಲಿ ಇದನ್ನು ಬೆಳೆಯಬಹುದೇ ಎಂದು ಕೇಳುವವರಿದ್ದಾರೆ. ಬೇಸಿಗೆ ತಳಿಗಳ ಮೊಗ್ಗು ಒಡೆಯಲು ದೀರ್ಘ ಚಳಿ ಬೇಕು, ಏಳು ಡಿಗ್ರಿಗಿಂತ ಕೆಳಗಿನ ನೂರಾರು ಗಂಟೆಗಳು. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಆದರೆ ಇದೇ ರೂಬಸ್ ಕುಲದ ಕಾಡುಗಿಡಗಳು ಹಿಮಾಲಯದಲ್ಲೂ ನಮ್ಮ ಪಶ್ಚಿಮಘಟ್ಟದಲ್ಲೂ ಇವೆ. ಅವುಗಳಲ್ಲಿ ಕಪ್ಪು ನೇರಳೆ ಹಣ್ಣಿನ ರೂಬಸ್ ನೀವಿಯಸ್ ಹೊರದೇಶಗಳಲ್ಲಿ ‘ಮೈಸೂರು ರಾಸ್‌ಬೆರಿ’ ಎಂದೇ ಹೆಸರಾಗಿದೆ. ಚಳಿಗಾಲ ಬೇಡದ ಇದನ್ನು ಫ್ಲಾರಿಡಾದ ಹಿತ್ತಲುಗಳಲ್ಲಿ ಬೆಳೆಯುತ್ತಾರೆ. ಗಲಪಗೋಸ್ ದ್ವೀಪಗಳಿಗೆ ಹೋದ ಇದೇ ಗಿಡ ಅಲ್ಲಿನ ಮೂಲ ಸಸ್ಯಗಳನ್ನು ಮುಚ್ಚಿಹಾಕುವ ಪಿಡುಗಾಗಿದೆ. ನಮ್ಮಲ್ಲಿ ಬೆಳೆಯುವ ಆಸೆಯಿದ್ದವರು ವಿದೇಶಿ ಕಡ್ಡಿ ತರಿಸುವ ಬದಲು ಘಟ್ಟದ ಈ ಸಸ್ಯದತ್ತ ನೋಡಬೇಕೆಂಬುದು ನನ್ನ ಅನಿಸಿಕೆ.

ಹತ್ತು ಹನ್ನೆರಡು ವರ್ಷಕ್ಕೆ ಇಳುವರಿ ಇಳಿಯುತ್ತದೆ. ಆಗ ಇಡೀ ಸಾಲನ್ನು ಬೇರುಸಹಿತ ಅಗೆದು ತೆಗೆದು, ಆ ಜಾಗಕ್ಕೆ ಕೆಲವು ವರ್ಷ ಹುರುಳಿಕಾಯಿಯನ್ನೋ ಕೋಸನ್ನೋ ಹಾಕಬೇಕು. ರಾಸ್‌ಬೆರಿಯನ್ನು ಅದೇ ಮಣ್ಣಿನಲ್ಲಿ ಮತ್ತೆ ನೆಡಬಾರದು. ಹೊಸ ಸಾಲಿನ ಜಾಗವನ್ನು ಒಂದು ವರ್ಷ ಮೊದಲೇ ಗೊತ್ತುಮಾಡಿ ಕಳೆ ತೆಗೆದಿಟ್ಟುಕೊಂಡರೆ ಅನುಕೂಲ. ಬೇಡಿಕೆಯಿರುವ ತಳಿಗಳು ನರ್ಸರಿಗಳಲ್ಲಿ ಬೇಗ ಖಾಲಿಯಾಗುವುದರಿಂದ ಕಡ್ಡಿಗಳಿಗೆ ಸೆಪ್ಟೆಂಬರಿನಲ್ಲೇ ಹೇಳಿಡುವುದು ಒಳ್ಳೆಯದು.