ನಿಮಗಿದು ಗೊತ್ತೆ? ನೋಡುವವರಿಲ್ಲದ ನೇರಪ್ರಸಾರ

ವಿಡಿಯೊ ಗೇಮ್ ನೇರಪ್ರಸಾರದ ತಾಣ ಟ್ವಿಚ್ ಶುರುವಾದದ್ದು 2011ರಲ್ಲಿ. 2014ರಲ್ಲಿ ಅಮೆಜಾನ್ ಅದನ್ನು ಸುಮಾರು 97 ಕೋಟಿ ಡಾಲರ್‌ಗೆ ಕೊಂಡಿತು. ಇಷ್ಟು ದೊಡ್ಡ ತಾಣದಲ್ಲೂ ಒಬ್ಬ ವೀಕ್ಷಕನೂ ಇಲ್ಲದ ಪ್ರಸಾರಗಳಿಗೆ ಲೆಕ್ಕವಿಲ್ಲ!

ಇದಕ್ಕೊಂದು ಕಾರಣವಿದೆ: ಸಾಮಾನ್ಯವಾಗಿ ಹೆಚ್ಚು ಮಂದಿ ನೋಡುತ್ತಿರುವ ಚಾನೆಲ್‌ಗೆ ಪಟ್ಟಿಯಲ್ಲಿ ಮೇಲಿನ ಜಾಗ. ಹೊಸಬರು ಸೀದಾ ತಳಕ್ಕೆ.

ಆದರೂ ಆಡುವವರು ಬಿಡುವುದಿಲ್ಲ. 2017ರಲ್ಲಿ ಬಂದ ಟ್ವಿಚ್‌ನ 'ಅಫಿಲಿಯೇಟ್' ಯೋಜನೆಯಲ್ಲಿ 50 ಫಾಲೋವರ್‌ಗಳು, ಸರಾಸರಿ 3 ವೀಕ್ಷಕರು, 30 ದಿನಗಳಲ್ಲಿ 7 ದಿನ ಸೇರಿ 500 ನಿಮಿಷಗಳ ಪ್ರಸಾರ ಇದ್ದರೆ ಗಳಿಕೆಯ ಬಾಗಿಲು ತೆರೆಯುತ್ತಿತ್ತು. ಕೆಲವರಿಗೆ ಇಂಥ ಪ್ರಸಾರ ಮಾತಿನ ತಾಲೀಮು: ಚಾಟ್ ಖಾಲಿಯಿದ್ದರೂ "ಈಗ ಎಡಕ್ಕೆ ಹೋಗೋಣ್ವಾ?" ಎಂದು ಕೇಳುತ್ತಲೇ ಆಡುತ್ತಾರೆ. ಇನ್ನು ಕೆಲವರಿಗೆ ತಮ್ಮ ಆಟ ದಾಖಲಾದರೆ ಸಾಕು.

ಸೊನ್ನೆ ವೀಕ್ಷಕರ ಪ್ರಸಾರಗಳನ್ನೇ ಹುಡುಕಿ ತೋರಿಸುವ 'ನೋಬಡಿ ಡಾಟ್ ಲೈವ್' ಎಂಬ ತಾಣವೂ ಇದೆ. ನೀವು ಒಳಹೊಕ್ಕರೆ ಆ ಆಟಗಾರನಿಗೆ ಮೊದಲ ವೀಕ್ಷಕ ಸಿಕ್ಕಂತೆ!