ಅಜ್ಜಿಯ ಸೀರೆ ಮೊದಲು, ಅಳಿಯನ ಜುಬ್ಬಾ ಆಮೇಲೆ

ಫೋಟೊ ಶೂಟ್‌ಗೆ ದಿನ ಗೊತ್ತಾಯಿತೆಂದರೆ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಬೀಳುವ ಪ್ರಶ್ನೆ: 'ಕಲರ್ ಯಾವುದು?' ಉತ್ತರಕ್ಕೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎಲ್ಲರೂ ಬಿಳಿ, ಇಲ್ಲವೇ ಎಲ್ಲರೂ ಇನ್‌ಸ್ಟಾಗ್ರಾಮಿನಲ್ಲಿ ಕಂಡ ಆ ತಿಳಿ ಮರಳು ಬಣ್ಣ. ಹಾಗೆ ಒಂದೇ ಬಣ್ಣ ತೊಟ್ಟು ಸಾಲಾಗಿ ನಿಂತ ಕುಟುಂಬವನ್ನು ಕಂಡಾಗಲೆಲ್ಲ ನನಗೆ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನವರು ನೆನಪಾಗುತ್ತಾರೆ. ಮರಳು ಬಣ್ಣದ ಮೇಲೆ ನನಗೆ ಇನ್ನೊಂದು ತಕರಾರೂ ಇದೆ. ಗೋಧಿ ಮೈಬಣ್ಣದವರ ಮೇಲೆ ಅದು ಚರ್ಮದೊಳಗೇ ಸೇರಿಹೋಗಿ ಮುಖ ಸಪ್ಪೆಯಾಗುತ್ತದೆ. ನಮ್ಮ ಮೈಬಣ್ಣಗಳಿಗೆ ಅರಿಶಿನ, ನವಿಲುಗರಿ ಹಸಿರು, ಕಡುನೀಲಿ, ದಾಳಿಂಬೆ ಕೆಂಪು ಒಪ್ಪುತ್ತವೆಂದು ನೇಕಾರರಿಗೆ ಎಂದೋ ಗೊತ್ತಿತ್ತು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮನೆಯ ಬೀರುವಿನಲ್ಲಿರುವ ಒಂದು ಸೀರೆಯಿಂದ. ಅಜ್ಜಿಯದೋ ಅಮ್ಮನದೋ, ಆ ದಿನ ಅವರು ಉಟ್ಟೇ ಉಡುವ ಸೀರೆ. ಹಿರಿಯರಿಗೆ ಹೊಸ ಬಣ್ಣ ಒಪ್ಪಿಸುವುದು ಕಷ್ಟ. ಅವರ ಬಣ್ಣಕ್ಕೆ ಉಳಿದವರು ಹೊಂದಿಕೊಳ್ಳುವುದು ಸುಲಭ.

ಇಳಕಲ್ಲ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುವ ಸೀರೆ ಅದು. ಒಡಲು ಕಡುನೀಲಿ, ಸೆರಗು ಕೆಂಪು, ಅದರ ಮೇಲೆ ಬಿಳಿಯ ತೆನೆ, ದಡಿಯಲ್ಲೊಂದು ಹಳದಿ ಗೆರೆ ಎಂದುಕೊಳ್ಳಿ. ಇಡೀ ಮನೆಯ ಬಣ್ಣಗಳು ಅಲ್ಲೇ ಸಿಕ್ಕವು. ಸೆರಗಿನ ಬಿಳಿ ಅಜ್ಜನ ಧೋತರಕ್ಕೆ. ಒಡಲಿನ ನೀಲಿಯನ್ನು ಎರಡು ಪಟ್ಟು ತಿಳಿ ಮಾಡಿದರೆ ಮಗನ ಅಂಗಿ. ದಡಿಯ ಹಳದಿ ಅಳಿಯನ ಜುಬ್ಬಾಕ್ಕೆ, ಅದಕ್ಕಿಂತ ಮಾಸಲು ಅರಿಶಿನ ಸೊಸೆಯ ಸೀರೆಗೆ. ಕೆಂಪನ್ನು ಮಾತ್ರ ಕೈ ಬಿಗಿಹಿಡಿದು ಬಳಸಬೇಕು: ಮೊಮ್ಮಗಳಿಗೊಂದು ಗುಳೇದಗುಡ್ಡ ಖಣದ ಲಂಗ, ಅಷ್ಟು ಸಾಕು. ಯಾರ ಬಟ್ಟೆಯೂ ಇನ್ನೊಬ್ಬರದರಂತಿಲ್ಲ, ಆದರೂ ಒಂದೇ ಮನೆಯವರೆಂದು ನೋಡಿದೊಡನೆ ತಿಳಿಯುತ್ತದೆ.

ಮೈಸೂರು ಸಿಲ್ಕ್ ಇರುವ ಮನೆಯಲ್ಲಿ ಲೆಕ್ಕ ಬೇರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಈ ಕ್ರೇಪ್ ಸೀರೆಗಳ ಒಡಲು ಹೆಚ್ಚಾಗಿ ಒಂದೇ ಬಣ್ಣ, ಅಂಚಿನಲ್ಲಿ ಜರಿ. ಮೈಮೇಲೆ ನೀರಿನಂತೆ ಇಳಿಯುವ ಬಟ್ಟೆಯಾದ್ದರಿಂದ ನಿಂತರೂ ಕುಳಿತರೂ ನೆರಿಗೆ ಚೆಂದ. ಆದರೆ ಜರಿಗೆ ನೇರ ಫ್ಲ್ಯಾಶ್ ಹೊಡೆದರೆ ಅಂಚು ಬರೀ ಬಿಳಿ ಪಟ್ಟಿಯಾಗಿ ಬೀಳುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಅದೇ ಅಂಚು ಹೊನ್ನಾಗುತ್ತದೆ.

ಕಣ್ಣಿಗೆ ಕಂಡಂತೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ಎಂದೂ ಕಂಡಿಲ್ಲ. ಹಳೆಯ ಕಾಲದ ಫೋಟೊ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಮುತ್ತಜ್ಜಿಯ ಕೆಂಪು ಸೀರೆ, ಹಣೆಯ ಕುಂಕುಮ ಎಲ್ಲವೂ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತಿದ್ದವು. ಸ್ಟುಡಿಯೊದವರು ಡಾರ್ಕ್‌ರೂಮಿನಲ್ಲಿ ಧೈರ್ಯವಾಗಿ ಕೆಂಪು ದೀಪ ಉರಿಸಿಕೊಳ್ಳುತ್ತಿದ್ದುದೂ ಅದೇ ಕಾರಣಕ್ಕೆ. ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಕೆಂಪು ಕಾಣುತ್ತದೆ, ಕಂಡು ಅತಿಯಾಗುತ್ತದೆ. ಗಾಢ ಕೆಂಪು ಸೀರೆಯ ಮೇಲೆ ಬಿಸಿಲು ಬಿದ್ದರೆ ನೆರಿಗೆ, ನೇಯ್ಗೆ ಎಲ್ಲ ಅಳಿಸಿ ಒಂದು ಕೆಂಪು ರಾಶಿ ಉಳಿಯುತ್ತದೆ. ಜತೆಗೆ ಆ ಕೆಂಪು ಗಲ್ಲದ ಕೆಳಗೆ ಪ್ರತಿಫಲಿಸುತ್ತದೆ. ಸಣ್ಣ ಚೌಕಳಿ, ಒತ್ತೊತ್ತಾದ ಗೆರೆಗಳ ಅಂಗಿಯಲ್ಲಿ ಇಲ್ಲದ ಅಲೆಗಳು ಹುಟ್ಟಿ ಕುಣಿಯುತ್ತವೆ. ಅನುಮಾನವಿದ್ದರೆ ಹಿಂದಿನ ದಿನವೇ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ಒಂದು ಫೋಟೊ ತೆಗೆದು ನೋಡಿ. ಮೊದಲು ಕಣ್ಣು ಕುಕ್ಕುವ ಬಟ್ಟೆ ಯಾವುದೋ ಅದನ್ನು ಮಡಚಿ ಒಳಗಿಡಿ.

ಜಾಗವೂ ಬಣ್ಣ ಕೇಳುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹಸಿರು ಉಟ್ಟವರು ಗಿಡಗಳೊಳಗೆ ಕರಗಿಹೋಗುತ್ತಾರೆ. ಅಲ್ಲಿಗೆ ಅರಿಶಿನ, ಕೆನೆಬಣ್ಣ ಸರಿ. ಹಂಪಿಯ ಬಂಡೆಗಳದು ಕಂದು-ಬೂದಿ. ಅಲ್ಲಿ ಇಳಕಲ್ಲಿನ ನೀಲಿ ಎದ್ದು ನಿಲ್ಲುತ್ತದೆ, ಮಾಸಲು ಬಣ್ಣ ಬಂಡೆಯೇ ಆಗಿಬಿಡುತ್ತದೆ. ಮರವಂತೆ, ಗೋಕರ್ಣದ ಕಡಲ ದಂಡೆಗೆ ಹಗುರ ರೇಷ್ಮೆ ಬೇಡ. ಗಾಳಿಗೆ ಸೆರಗು ಹಿಡಿದುಕೊಳ್ಳುವುದರಲ್ಲೇ ಹೊತ್ತು ಮುಗಿಯುತ್ತದೆ.

ಮದುವೆಗೆ ಮುಂಚಿನ ಜೋಡಿ ಶೂಟಿನಲ್ಲಿ ಬಣ್ಣಕ್ಕಿಂತ ದೊಡ್ಡ ಎಡವಟ್ಟು ಬೇರೆಯೇ. ಅವಳು ಜರಿ ಸೀರೆ, ಅವನು ಜೀನ್ಸ್ ತೊಟ್ಟರೆ ಇಬ್ಬರೂ ಬೇರೆ ಬೇರೆ ಸಮಾರಂಭಕ್ಕೆ ಹೊರಟಂತಿರುತ್ತಾರೆ. ಸೀರೆಗೆ ಪಂಚೆ, ಗೌನಿಗೆ ಸೂಟು, ಕಾಟನ್ ಕುರ್ತಾಕ್ಕೆ ತೋಳು ಮಡಚಿದ ಲಿನನ್ ಅಂಗಿ. ತೂಕ ಸರಿಹೋದರೆ ಸಾಕು. ಮಾರುದ್ದ ಬಾಲದ ಬಾಡಿಗೆ ಗೌನುಗಳ ಬಗ್ಗೆ ನನಗೆ ಅಷ್ಟು ಮಮತೆಯಿಲ್ಲ. ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿದ ಅದೇ ಗೌನನ್ನು ಹೋದ ತಿಂಗಳು ಇನ್ನೊಬ್ಬಳ ಆಲ್ಬಮ್ಮಿನಲ್ಲಿ ನೋಡಿರುತ್ತೇವೆ. ಹುಡುಗನಿಗೆ ಪಂಚೆ ಉಟ್ಟು ರೂಢಿಯಿಲ್ಲದಿದ್ದರೆ ಒಳಗೊಂದು ಬೆಲ್ಟ್ ಇರಲಿ, ಮನೆಯಲ್ಲಿ ಒಂದು ಸಂಜೆ ಉಟ್ಟು ಓಡಾಡಲಿ.

ಮಕ್ಕಳಿಗೂ ಅಷ್ಟೇ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು, ಒಮ್ಮೆ ತೊಡಿಸಿ, ಕತ್ತಿಗೆ ಚುಚ್ಚುವ ಪಟ್ಟಿಯನ್ನು ಕತ್ತರಿಸಿಟ್ಟಿರಬೇಕು. ಚುಚ್ಚುವ ಜರಿಯಲ್ಲಿ ನಗು ಎಂದರೆ ಯಾವ ಮಗು ನಗುತ್ತದೆ? ಗಂಡಸರು ಜೇಬಿನ ಬೀಗದ ಕೈ, ಪರ್ಸು, ಮೊಬೈಲು ತೆಗೆದಿಡಲಿ. ಉಬ್ಬಿದ ಜೇಬು ಎಂಥ ಒಳ್ಳೆಯ ಜುಬ್ಬಾವನ್ನೂ ಕೆಡಿಸುತ್ತದೆ. ಅಜ್ಜ ಮಾತ್ರ ಜೇಬಿನ ಪೆನ್ನು ಕೊಡುವುದಿಲ್ಲ ಎಂದರೆ ಒತ್ತಾಯ ಬೇಡ. ಅವರನ್ನು ಪೆನ್ನಿಲ್ಲದೆ ನಾವ್ಯಾರೂ ನೋಡಿಯೇ ಇಲ್ಲವಲ್ಲ.