ಹಕ್ಕಿಯ ಬೆನ್ನು ಯಾರ ಕಡೆಗೆ?

ಕೇರಳದಿಂದ ರಾತ್ರಿಯಿಡೀ ಓಡಿ ಬಂದ ಬಸ್ಸುಗಳು ಮಡಿವಾಳದಲ್ಲಿ ಜನರನ್ನು ಇಳಿಸುವ ಹೊತ್ತಿಗೆ ಇನ್ನೂ ಬೀದಿದೀಪ ಆರಿರುವುದಿಲ್ಲ. ಕಣ್ಣುಜ್ಜಿಕೊಳ್ಳುತ್ತಾ ಇಳಿದವರನ್ನು ಆಟೋದವರು ಮುತ್ತಿಕೊಳ್ಳುತ್ತಾರೆ. ಮಾರುಕಟ್ಟೆಯ ಕಡೆ ಸೊಪ್ಪಿನ ಕಂತೆಗಳಿಗೆ ನೀರು ಚಿಮುಕಿಸುತ್ತಾ ದರ ಕೂಗುವುದು ಶುರುವಾಗಿರುತ್ತದೆ. ಈ ಗದ್ದಲ ದಾಟಿ ಬಿಟಿಎಂ ಬಡಾವಣೆಯೊಳಗೆ ನಡೆದರೆ, ಅಪಾರ್ಟ್‌ಮೆಂಟುಗಳ ಸಾಲು ಮುಗಿದಲ್ಲಿ ಆಕಾಶ ತಟ್ಟನೆ ಅಗಲವಾಗುತ್ತದೆ. ಅದು 250 ಎಕರೆಗೂ ಮಿಕ್ಕಿದ ಮಡಿವಾಳ ಕೆರೆ. ಬೆಂಗಳೂರು ಇನ್ನೂ ಉಳಿಸಿಕೊಂಡಿರುವ ದೊಡ್ಡ ಕೆರೆಗಳಲ್ಲಿ ಒಂದು.

ಭಾನುವಾರವಾದರೆ ದಡದ ಮೇಲೆ ಎರಡು ಬಗೆಯ ಜನ ಕಾಣುತ್ತಾರೆ. ಕೈ ಬೀಸಿಕೊಂಡು ನಡೆಯುವವರು ಒಂದು ಬಗೆ, ಎರಡೂ ಕೈಯಲ್ಲಿ ಮೊಳದುದ್ದದ ಲೆನ್ಸು ಹಿಡಿದು ನಿಂತವರು ಇನ್ನೊಂದು. ಈ ಎರಡನೆಯವರ ಮೈಗೂ ಲೆನ್ಸಿಗೂ ಒಂದೇ ಥಾನಿನಿಂದ ಕತ್ತರಿಸಿದಂಥ ಬಟ್ಟೆ. ಒಣಹುಲ್ಲು, ಎಲೆ, ಕಡ್ಡಿಗಳ ಚಿತ್ತಾರದ ಕಾಡುಬಣ್ಣ ಅದರದ್ದು. ಪಕ್ಕದಲ್ಲೇ ಗಿಳಿಹಸಿರು ಬೂಟು ತೊಟ್ಟವರು ಫೋನಿನಲ್ಲಿ ಸೈಟಿನ ವ್ಯವಹಾರ ಮಾತಾಡುತ್ತಾ ಹೋಗುತ್ತಿರುತ್ತಾರೆ. ಹಕ್ಕಿಗಳಿಗೆ ಇಬ್ಬರೂ ಚೆನ್ನಾಗಿಯೇ ಕಾಣುತ್ತಾರೆ ಎಂದು ನನ್ನ ಅನುಮಾನ.

ಬೆಳಕು ಹರಿದಂತೆ ಕೆರೆ ತನ್ನ ಸಂಸಾರ ತೆರೆಯುತ್ತದೆ. ಜೊಂಡಿನ ಅಂಚಿನಲ್ಲಿ ಜಂಬುಕೋಳಿ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಉದ್ದ ಬೆರಳುಗಳಲ್ಲಿ ದಂಟನ್ನು ಹಿಡಿದೆತ್ತಿ ತಿನ್ನುತ್ತದೆ. ಗುಳುಮುಳುಕ ಇಲ್ಲಿ ಮುಳುಗಿ, ನೀವು ನೋಡದ ಕಡೆ ಏಳುತ್ತದೆ. ನೀರಿನಲ್ಲಿ ನೆಟ್ಟ ಗಳುವಿನ ಮೇಲೆ ನೀರುಕಾಗೆ ರೆಕ್ಕೆ ಹರವಿ ಕೂತಿದೆ. ಅದರ ಗರಿ ಬಾತುಕೋಳಿಯ ಗರಿಯಂತೆ ನೀರನ್ನು ದೂರವಿಡುವುದಿಲ್ಲ. ನೆನೆದ ಗರಿ ಮುಳುಗುವುದಕ್ಕೆ ಅನುಕೂಲ, ಹಾರುವುದಕ್ಕೆ ಭಾರ. ಹಾಗಾಗಿ ಮೀನು ಹಿಡಿದು ಬಂದ ಮೇಲೆ ಈ ಒಣಗಿಸುವ ಕೆಲಸ. ನಡುನೀರಿನಲ್ಲಿ ನಾಲ್ಕೈದು ಹೆಜ್ಜಾರ್ಲೆಗಳು ಒಟ್ಟಾಗಿ ತೇಲುತ್ತಾ ಬಂದು ಕೊಕ್ಕಿನ ಚೀಲಗಳನ್ನು ಒಮ್ಮೆಗೇ ನೀರಿಗಿಳಿಸುತ್ತವೆ. ದಡದಲ್ಲಿ ಶಟರುಗಳ ಚಟಚಟ ಶುರು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಈಗಿನ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 20 ಹೊಡೆಯುವವು ಸಾಮಾನ್ಯ. ಅಂದಿನ ಒಂದು ಸುರುಳಿ ಇಂದು ಎರಡು ಸೆಕೆಂಡಿಗೂ ಸಾಲದು.

ಒಂಬತ್ತೂವರೆಯ ಹೊತ್ತಿಗೆ ಬಿಸಿಲು ನೆತ್ತಿಗೇರತೊಡಗಿ, ಲೆನ್ಸುಗಳು ಚೀಲ ಸೇರಿ, ತಂಡವೊಂದು ಮಡಿವಾಳದ ಕಡೆಯ ಮಲಯಾಳಿ ಚಾಯ ಅಂಗಡಿಯಲ್ಲಿ ಮೇಜು ಹಿಡಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಪಳಂಪೊರಿ. ಮೇಲಿನಿಂದ ಕೆಳಗೆ ಗಜ ಉದ್ದಕ್ಕೆ ಸುರಿಯುವ ಚಾಯ. ನೋಡಬೇಕಾದದ್ದು ನಡೆಯುವುದು ಇಲ್ಲಿ. ಲ್ಯಾಪ್‌ಟಾಪ್ ತೆರೆಯುತ್ತದೆ, ಎಲ್ಲರ ಕಾರ್ಡುಗಳೂ ಒಂದೊಂದಾಗಿ ಅದರೊಳಗೆ ಹೋಗುತ್ತವೆ. ಮೇಜಿನ ತುದಿಯಲ್ಲಿ ಕೂತ ಹಿರಿಯರು ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಬಹುಕಾಲ ತಪಾಸಣಾ ವಿಭಾಗದಲ್ಲೇ ಇದ್ದರಂತೆ. ಹೌದೆನಿಸುತ್ತದೆ. ಕನ್ನಡಕ ಹಣೆಗೇರಿಸಿ, ಪರದೆಗೆ ಮುಖ ತಂದು ನೋಡುವ ರೀತಿಯಲ್ಲಿ ಬಿರುಕು ಹುಡುಕುವವನ ತಾಳ್ಮೆಯಿದೆ.

ಮೊದಲ ಚಿತ್ರ, ಹಾರುತ್ತಿರುವ ಕೊಳಬಕ. ಕಂದು ಹಕ್ಕಿ ರೆಕ್ಕೆ ಬಿಚ್ಚಿದರೆ ಹಾಲುಬಿಳಿ; ಆ ಪವಾಡವೇ ಈ ಹಕ್ಕಿಯ ಆಕರ್ಷಣೆ. ಚಿತ್ರ ಸ್ಫುಟವಾಗಿ ಬಂದಿದೆ, ಗರಿ ಗರಿ ಎಣಿಸಬಹುದು. ಎಲ್ಲರೂ "ಸೂಪರ್" ಅಂದಾಗಿದೆ.

"ಎದ್ದು ಹೋಗ್ತಾ ಇದೆ," ಎಂದರು ಹಿರಿಯರು.

"ಹೌದು ಸರ್, ಟೇಕಾಫ್."

"ಬೆನ್ನು ಯಾರ ಕಡೆ ಇದೆ ನೋಡಪ್ಪ. ನಿನ್ನ ಕಡೆ. ಅದು ಹಾರಿದ್ದಲ್ಲ, ನೀನು ಎಬ್ಬಿಸಿದ್ದು. ಇದರ ಹಿಂದಿನ ಚಿತ್ರ ತೆಗಿ."

ಹಿಂದಿನದರಲ್ಲಿ ಹಕ್ಕಿ ದಡದಲ್ಲಿ ನಿಂತಿದೆ, ಕತ್ತು ಕೋಲಿನಂತೆ ನೆಟ್ಟಗಾಗಿದೆ. ಅದರ ಹಿಂದಿನದರಲ್ಲಿ ಕತ್ತು ಅರ್ಧ ಎದ್ದಿದೆ. ಇನ್ನೂ ಹಿಂದಿನದರಲ್ಲಿ ಬೆನ್ನು ಗೂನು ಮಾಡಿ, ಕತ್ತು ಹುದುಗಿಸಿ, ಮೀನಿಗಾಗಿ ನೀರು ದಿಟ್ಟಿಸುತ್ತಿದೆ. ಹುಡುಗ ಒಂದೊಂದೇ ಹೆಜ್ಜೆ ಮುಂದಿಟ್ಟದ್ದು ಹಕ್ಕಿಯ ಕತ್ತಿನಲ್ಲಿ ದಾಖಲಾಗಿತ್ತು. ಅವನ ಮುಖ ಕೆಂಪೇರಿತು. ಹಿರಿಯರು ಆ ಗೂನು ಬೆನ್ನಿನ ಚಿತ್ರವನ್ನೇ ತೆರೆದಿಟ್ಟು, "ಇದು ಇಟ್ಕೋ, ಇದರಲ್ಲಿ ಹಕ್ಕಿ ಇದೆ," ಎಂದು ಪಳಂಪೊರಿ ಮುರಿದರು.

ಹವ್ಯಾಸಿಗಳ ಚಿತ್ರಗಳಿಗೆ ಮನೆಯವರ, ಗೆಳೆಯರ ಹೊಗಳಿಕೆ ಧಾರಾಳ. ಅದರಿಂದ ಕೇಡಿಲ್ಲ, ಕಲಿಯುವುದಕ್ಕೂ ಏನಿಲ್ಲ. ಸ್ಪರ್ಧೆಗಳಿಗೆ ಕಳಿಸಿದರೆ ತೀರ್ಪುಗಾರರು ಕೆಲವೇ ಸೆಕೆಂಡು ನೋಡಿ ಅಂಕ ಒತ್ತುತ್ತಾರೆ. ಒಳಗೋ ಹೊರಗೋ ಗೊತ್ತಾಗುತ್ತದೆ, ಯಾಕೆಂಬುದು ಗೊತ್ತಾಗುವುದಿಲ್ಲ. ಈ ಮೇಜಿನಲ್ಲಿ ಸಿಗುವುದು ಆ 'ಯಾಕೆ'. ಅದೂ ಬರೀ ಕ್ಯಾಮೆರಾದ ಬಗ್ಗೆ ಅಲ್ಲ. ಕ್ಯಾಮೆರಾ ಹಿಡಿದವರು ಎಲ್ಲಿ ನಿಂತಿದ್ದರು, ಬಗ್ಗಿದ್ದರೇ, ಎಷ್ಟು ಗಂಟೆಗೆ ಎದ್ದರು, ಅವಸರಪಟ್ಟರೇ ಎಂಬುದನ್ನೆಲ್ಲ ಹಕ್ಕಿ ಬಲ್ಲವರು ಚಿತ್ರದಿಂದಲೇ ಓದುತ್ತಾರೆ. ಬಾತಿನ ಬೆನ್ನಷ್ಟೇ ಕಂಡರೆ, ತೆಗೆದವರು ಪ್ಯಾಂಟು ಕೊಳೆಯಾಗುತ್ತದೆಂದು ಕೂರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ನೆರಳಿದ್ದರೆ ಹತ್ತು ಗಂಟೆಯ ಬಿಸಿಲು. ಹಾರುವ ನೀರುಕಾಗೆಯ ರೆಕ್ಕೆಯಿಂದ ಹನಿ ಉದುರುತ್ತಿದ್ದರೆ, ಅದು ಒಣಗಿಸಿಕೊಳ್ಳುವ ಮೊದಲೇ ಯಾರೋ ಓಡಿಸಿದ್ದಾರೆ ಎಂಬ ಅನುಮಾನ. ಅಷ್ಟರಮಟ್ಟಿಗೆ ಇದು ಕಲಾವಿಮರ್ಶೆಗಿಂತ ಪೊಲೀಸ್ ಮಹಜರಿಗೆ ಹತ್ತಿರ.

ಬಯ್ಗುಳದ ಬೆನ್ನಿಗೇ ಉಪಾಯವೂ ಬರುತ್ತದೆ, ಇಲ್ಲದಿದ್ದರೆ ಮುಂದಿನ ಭಾನುವಾರ ಮೇಜು ಖಾಲಿ ಇರುತ್ತಿತ್ತು. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಹೆಜ್ಜಾರ್ಲೆ, ನಾಮದ ಕೋಳಿಯಂಥವು ನೀರಿನ ಮೇಲೆ ಒಂದಷ್ಟು ದೂರ ಓಡದೆ ಏಳಲಾರವು. ಅವಕ್ಕಂತೂ ಗಾಳಿಯ ದಿಕ್ಕೇ ದಾರಿ. ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ಕೂತರೆ ಅವು ನಿಮ್ಮ ಎದುರಿಗೇ ಬರುತ್ತವೆ, ಅಟ್ಟಿಸಿಕೊಂಡು ಹೋಗುವ ಪ್ರಮೇಯವಿಲ್ಲ. ಬೆಳ್ಳಕ್ಕಿಗೆ ಇನ್ನೊಂದು ಮಾತು. ಕಪ್ಪು ನೀರಿನ ಮುಂದೆ ಅದು ನಿಂತಾಗ ಕ್ಯಾಮೆರಾ ಸುತ್ತಲಿನ ಕತ್ತಲೆಗೆ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಗರಿಗಳೆಲ್ಲ ಸುಟ್ಟು ಸುಣ್ಣದ ಗೋಡೆಯಾಗುತ್ತವೆ. "ಒಂದು ಸ್ಟಾಪ್ ಮೈನಸ್ ಮಾಡಮ್ಮ. ಸುಟ್ಟ ಬಿಳಿಯನ್ನ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ."

ಆ ದಿನದ ಕಷ್ಟದ ಚಿತ್ರ ಟಿಟ್ಟಿಭದ್ದು. ತಂಡದ ಹೊಸಬಳು, ಐಟಿ ಕಂಪನಿಯ ಹುಡುಗಿ, ತೆಗೆದದ್ದು. ಕೆಂಪು ಕೊಕ್ಕು ಪೂರ್ತಿ ತೆರೆದಿದೆ, ರೆಕ್ಕೆಗಳು ಬಿಚ್ಚಿವೆ, ಹಕ್ಕಿ ನೇರ ಲೆನ್ಸಿನ ಮೇಲೆ ಎರಗಿ ಬರುತ್ತಿದೆ. ಬೆನ್ನಿನ ತಕರಾರು ಇಲ್ಲಿಲ್ಲ. ಬೆಳಕು ಪಕ್ಕದಿಂದ, ಕಣ್ಣಿನಲ್ಲಿ ಮಿಂಚು, ಹಿನ್ನೆಲೆ ಮಸುಕು ಹಸಿರು. ಎಲ್ಲಿಟ್ಟರೂ ಬಹುಮಾನಕ್ಕೆ ನಿಲ್ಲುವಂಥದ್ದು. ಹಿರಿಯರು ಬಹಳ ಹೊತ್ತು ನೋಡಿದರು.

"ಕೂಗ್ತಾ ಇತ್ತಾ?"

"ತುಂಬಾ ಸರ್. ತಲೆ ಮೇಲೇ ಸುತ್ತುತಾ ಇತ್ತು. ಒಳ್ಳೆ ಆಕ್ಷನ್ ಸಿಕ್ತು."

"ಎಷ್ಟು ಹೊತ್ತು ಅಲ್ಲೇ ನಿಂತಿದ್ರಿ?"

ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕು ಕಲ್ಲುಚೂರು, ನಡುವೆ ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಯ ಮೊಟ್ಟೆಗಳು. ಕಣ್ಣೆದುರಿದ್ದರೂ ಕಾಣುವುದಿಲ್ಲ. ಮೊಟ್ಟೆಯ ಹತ್ತಿರ ಯಾರಾದರೂ ಬಂದರೆ ತಾಯ್ತಂದೆ ಎರಡೂ ಕಿರುಚುತ್ತಾ ಮೇಲೆರಗುತ್ತವೆ. ಅವು ಅಷ್ಟು ಹೊತ್ತು ಗೂಡು ಬಿಟ್ಟರೆ ಬೇಸಗೆಯ ನೆಲದಲ್ಲಿ ಮೊಟ್ಟೆ ಬೇಯುತ್ತದೆ, ಇಲ್ಲವೇ ಕಾಗೆಯ ಕಣ್ಣಿಗೆ ಬೀಳುತ್ತದೆ. ಹಿರಿಯರು ಇದನ್ನೆಲ್ಲ ಭಾಷಣ ಮಾಡದೆ, ಮೇಜಿನ ಮೇಲೆ ಚೆಲ್ಲಿದ ಸಕ್ಕರೆಯಲ್ಲಿ ಬೆರಳಿನಿಂದ ಒಂದು ತಗ್ಗು ಮಾಡಿ ತೋರಿಸಿ, "ನೀವು ಇಲ್ಲಿದ್ರಿ," ಎಂದು ಪಕ್ಕದಲ್ಲಿ ಒತ್ತಿದರು. ಹುಡುಗಿ ಮಾತಾಡಲಿಲ್ಲ. ಚಿತ್ರ ಅಳಿಸು ಎಂದು ಅವರೂ ಹೇಳಲಿಲ್ಲ. ಅದನ್ನು ಹೊರಗೆ ತೋರಿಸಬಹುದೇ ಎಂಬುದರ ಮೇಲೆ ಮೇಜು ಎರಡು ಪಾಲಾಯಿತು. ನನಗಂತೂ ತೋರಿಸದಿರುವುದೇ ಸರಿಯೆನ್ನಿಸಿತು. ಇಂಥದ್ದು ಗೆದ್ದರೆ ಮುಂದಿನ ವಾರ ಹತ್ತು ಜನ ಅದೇ ಜಾಗ ಹುಡುಕಿಕೊಂಡು ಬರುತ್ತಾರೆ.

ಈ ನ್ಯಾಯ ಮೊದಲಿನಿಂದ ಹೀಗೇ ಇತ್ತೆಂದಲ್ಲ. ವನ್ಯಜೀವಿ ಛಾಯಾಗ್ರಹಣದಲ್ಲಿ ಬೆಂಗಳೂರಿಗೆ ದೊಡ್ಡ ಪರಂಪರೆಯೇ ಇದೆ. ಟಿ.ಎನ್.ಎ. ಪೆರುಮಾಳ್ (1932–2017) ಓ.ಸಿ. ಎಡ್ವರ್ಡ್ಸ್ ಅವರನ್ನು ಗುರುವೆಂದುಕೊಂಡು ಬೆಳೆದವರು, ಮುಂದೆ ತಾವೇ ಅನೇಕರಿಗೆ ಗುರುವಾದವರು. ಇ. ಹನುಮಂತ ರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅದೇ ಕಾಲದವರು. ಯೂತ್ ಫೋಟೋಗ್ರಾಫಿಕ್ ಸೊಸೈಟಿ ಈ ಊರಿನಲ್ಲಿ ಹುಟ್ಟಿದ್ದು 1971ರಲ್ಲಿ. ಆಗಿನ ಲೆನ್ಸು ಚಿಕ್ಕದು, ಫಿಲ್ಮು ನಿಧಾನ. ಗೂಡಿನ ಬಳಿ ಮರೆ ಕಟ್ಟಿ, ಫ್ಲ್ಯಾಷ್ ಇಟ್ಟು, ಗಂಟೆಗಟ್ಟಲೆ ಕಾಯುವುದು ದೇಶವಿದೇಶಗಳಲ್ಲಿ ಒಪ್ಪಿತ ಪದ್ಧತಿಯಾಗಿತ್ತು. ಇಂದು ಗೂಡಿನ ಚಿತ್ರ ತಂದಿಟ್ಟರೆ ಮೇಜಿನ ಸುತ್ತ ಹುಬ್ಬು ಗಂಟಾಗುತ್ತದೆ. ಲೆನ್ಸು ಉದ್ದವಾದಂತೆ ಕ್ಷಮಿಸುವುದು ಕಡಿಮೆಯಾಯಿತು ಅನ್ನಬೇಕು.

ಎರಡನೇ ಸುತ್ತಿನ ಚಾಯ ಬರುವ ಹೊತ್ತಿಗೆ ಜಗಳ ಕಟ್ಟಡಗಳ ಕಡೆ ತಿರುಗಿತ್ತು. ಮಡಿವಾಳ ಕೆರೆಯಲ್ಲಿ ಯಾವ ಕಡೆ ಲೆನ್ಸು ತಿರುಗಿಸಿದರೂ ಹಕ್ಕಿಯ ಹಿಂದೆ ಯಾರದೋ ಬಾಲ್ಕನಿ, ಅದರಲ್ಲಿ ಒಣಗುವ ಟವೆಲು. ಒಬ್ಬರು ತಂದ ಹೆಜ್ಜಾರ್ಲೆಯ ಚಿತ್ರದಲ್ಲಿ ಮಾತ್ರ ಹಿನ್ನೆಲೆ ಶುಭ್ರ ಆಕಾಶ.

"ಇದು ನಮ್ಮ ಕೆರೆನಾ?" ಎಂದು ಯಾರೋ ಕೇಳಿದರು. ಹಿರಿಯರು ಬೆರಳನ್ನು ಆಕಾಶದ ಮೇಲಿಡಲಿಲ್ಲ, ಕೆಳಗೆ ನೀರಿನ ಮೇಲಿಟ್ಟರು. ಅಲೆಗಳ ನಡುವೆ ಆರು ಮಹಡಿಗಳು ಇನ್ನೂ ಅಲುಗಾಡುತ್ತಿದ್ದವು. ಕಟ್ಟಡ ಅಳಿಸಿದವರು ಅದರ ಬಿಂಬವನ್ನು ಮರೆತಿದ್ದರು. ಮೇಜು ನಕ್ಕಿತು, ತೆಗೆದವರೂ ನಕ್ಕರು.

ಸ್ಪರ್ಧೆಯ ನಿಯಮ ಇಲ್ಲಿ ಸ್ಪಷ್ಟ. ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ, ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ ಮೂರೂ ಸೇರಿ ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ನಿಸರ್ಗ ವಿಭಾಗದ ಚಿತ್ರದ ಅಂಚು ಕತ್ತರಿಸಬಹುದು. ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಮನುಷ್ಯ ಮಾಡಿದ ವಸ್ತುಗಳೂ ಇರಕೂಡದು, ಆದರೆ ಅವು ಆ ಜೀವಿಯ ಬದುಕಿನ ಭಾಗವೇ ಆಗಿದ್ದರೆ ಸರಿ. ಹಾಗೆ ಮನುಷ್ಯರ ನೆರೆಗೆ ಹೊಂದಿಕೊಂಡ ಜೀವಿಗಳಿಗೆ ಅಲ್ಲಿ ಕೊಟ್ಟ ಉದಾಹರಣೆಯಲ್ಲೇ ಕೊಕ್ಕರೆಗಳಿವೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಮರಿ ಮಾಡುವಾಗ ಹೆಂಚಿನ ಮಾಡನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಕಥೆಯೇ ಹೋಯಿತು. ಹಾಗಾದರೆ ಮಡಿವಾಳದ ಬಾಲ್ಕನಿ? "ಟವೆಲ್ ಸಮೇತ ಇಡಿ ಸರ್," ಎಂದ ಕೊಳಬಕದ ಹುಡುಗ. "ಹೆಂಚು ಬೇರೆ, ಟವೆಲ್ ಬೇರೆ," ಎಂದರು ಕಟ್ಟಡ ಅಳಿಸಿದವರು. ಅದು ಇತ್ಯರ್ಥವಾಗಲಿಲ್ಲ.

ಕೊನೆಗೆ ಹಿರಿಯರ ಕಾರ್ಡು. ಅವರೂ ಅಂದು ಹೆಜ್ಜಾರ್ಲೆಯನ್ನೇ ಹಿಡಿದಿದ್ದರು. ನೀರಿಗಿಳಿಯುತ್ತಾ, ಪಾದಗಳೆರಡನ್ನೂ ಮುಂದೆ ಚಾಚಿ, ಕೆರೆಯ ಮೇಲೆ ಜಾರುತ್ತಾ ಬರುತ್ತಿದೆ ಹಕ್ಕಿ. ಎದುರಿಗೇ ಬರುತ್ತಿದೆ, ಬಿಳಿ ಸುಟ್ಟಿಲ್ಲ, ಲೆನ್ಸು ನೀರಿನ ಮಟ್ಟಕ್ಕಿದೆ. ಒಂದು ಗಳಿಗೆ ಯಾರೂ ಏನೂ ಅನ್ನಲಿಲ್ಲ. ಟಿಟ್ಟಿಭದ ಹುಡುಗಿ ಪರದೆಗೆ ಮುಖ ತಂದಳು, ಅವರದೇ ಧಾಟಿಯಲ್ಲಿ.

"ಸರ್, ಎಡ ರೆಕ್ಕೆಯ ತುದಿ ಕಟ್ ಆಗಿದೆ."

"ತೀರಾ ಹತ್ತಿರ ಬಂದ್ಬಿಡ್ತು ಕಣಮ್ಮ."

"ಜೂಮ್ ಹಿಂದಕ್ಕೆ ತರಬಹುದಿತ್ತಲ್ವಾ?"

"ಟೈಮ್ ಎಲ್ಲಿತ್ತು? ಅದೂ ಅಲ್ದೆ ಆ ಹೊತ್ತಿಗೆ ಯಾರೋ ಪಕ್ಕದಲ್ಲಿ ಫೋನಲ್ಲಿ ಸೈಟ್ ರೇಟ್ ಕೇಳ್ತಾ ಇದ್ದ..." ಎಂದು ಹಿರಿಯರು ಶುರುಮಾಡಿದರು. ಕೊಳಬಕದ ಹುಡುಗ ಕುರ್ಚಿ ಹತ್ತಿರಕ್ಕೆಳೆದುಕೊಂಡು, ಇನ್ನೊಂದು ಪ್ಲೇಟ್ ಪಳಂಪೊರಿ ಹೇಳಿದ.